ವಾರಾಂತ್ಯದ ಎರವಲು ಎಂಜಿನ್

ಹೊರವಲಯದ ಜನರನ್ನು ಬೆಳಗ್ಗೆ ಆಫೀಸಿಗೆ ತರುವ, ಸಂಜೆ ಮನೆಗೆ ಮುಟ್ಟಿಸುವ ರೈಲಿನ ಎಂಜಿನ್‌ಗೆ ದಿನದಲ್ಲಿ ನಿಜವಾದ ಕೆಲಸ ಇರುವುದು ಕೆಲವೇ ಗಂಟೆ. ಮಧ್ಯಾಹ್ನ ಅದು ಯಾರ್ಡ್‌ನಲ್ಲಿ ನಿಂತಿರುತ್ತದೆ. ರಾತ್ರಿಯೂ ನಿಂತಿರುತ್ತದೆ. ಹಿಂದೆಲ್ಲ ಶುಕ್ರವಾರ ರಾತ್ರಿ ನಿಂತದ್ದು ಸೋಮವಾರ ನಸುಕಿನವರೆಗೆ ಅಲುಗಾಡುತ್ತಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಯಾರ್ಡ್‌ನಲ್ಲಿ ಗೂಡ್ಸ್ ಗಾಡಿ ಎಂಜಿನ್ ಸಿಗದೆ ಕಾಯುತ್ತಿರುತ್ತಿತ್ತು. ಈ ಬಿಡುವನ್ನು ಆ ಕೊರತೆಗೆ ಜೋಡಿಸುವ ಕೆಲಸವನ್ನು ಅಮೆರಿಕದ ರೈಲ್ವೆಗಳು ದಶಕಗಳ ಕಾಲ ಮಾಡಿದವು. ರೈಲಿನ ಬಗ್ಗೆ ನಾನು ಓದಿದ, ಕೇಳಿದ ಸಂಗತಿಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಇದರಲ್ಲಿ ಯಂತ್ರದ ಲೆಕ್ಕವೂ ಇದೆ, ಮನುಷ್ಯರು ಒಬ್ಬರನ್ನೊಬ್ಬರು ನಂಬುವ ರೀತಿಯೂ ಇದೆ.

1970ರ ದಶಕದ ನ್ಯೂಜೆರ್ಸಿಯನ್ನೇ ತೆಗೆದುಕೊಳ್ಳಿ. ಹಡ್ಸನ್ ನದಿಯ ದಡದಲ್ಲಿ ಹೊಬೋಕನ್ ನಿಲ್ದಾಣ. ಅಲ್ಲಿಂದ ಹೊರಡುವ ಗಾಡಿಗಳು ಈರಿ ಲ್ಯಾಕವಾನಾ ಎಂಬ ಖಾಸಗಿ ರೈಲ್ವೆಯವು. ಪ್ರಯಾಣಿಕರಿಂದ ಬರುವ ದುಡ್ಡು ಯಾವುದಕ್ಕೂ ಸಾಲುತ್ತಿರಲಿಲ್ಲ. ಹಳೆಯ ಎಂಜಿನ್‌ಗಳು ಸೋತುಹೋಗಿದ್ದವು. ಕೊನೆಗೆ ರಾಜ್ಯ ಸರ್ಕಾರವೇ ಮುಂದೆ ಬಂದು 32 ಹೊಸ ಎಂಜಿನ್ ಕೊಂಡು ಕೊಟ್ಟಿತು. ಜನರಲ್ ಎಲೆಕ್ಟ್ರಿಕ್ ತಯಾರಿಸಿದ ಯು34ಸಿಎಚ್ ಮಾದರಿ. ಒಳಗಿದ್ದದ್ದು 3,600 ಅಶ್ವಶಕ್ತಿಯ ಡೀಸೆಲ್. ಬೋಗಿಗಳ ದೀಪ, ಹೀಟರ್‌ಗೆ ಒಂದು ಪಾಲು ಹೋದ ಮೇಲೆ ಎಳೆಯುವುದಕ್ಕೆ 3,430 ಉಳಿಯುತ್ತಿತ್ತು. ಆರು ಆಕ್ಸೆಲ್‌ನ ಭಾರೀ ಎಂಜಿನ್ ಅದು. ಮೂಲದಲ್ಲಿ ಗೂಡ್ಸ್ ಎಳೆಯುವ ಎಂಜಿನ್‌ನ ವಿನ್ಯಾಸವನ್ನೇ ಪ್ಯಾಸೆಂಜರ್ ಕೆಲಸಕ್ಕೆ ತಿದ್ದಿದ್ದು.

1972ರ ಬೇಸಿಗೆಯಲ್ಲಿ ಆಗ್ನೆಸ್ ಚಂಡಮಾರುತ ಬಂದು ಈರಿ ಲ್ಯಾಕವಾನಾದ ಹಳಿಗಳನ್ನು ಕೊಚ್ಚಿ ಹಾಕಿತು. ಮೊದಲೇ ಏದುಸಿರು ಬಿಡುತ್ತಿದ್ದ ಕಂಪನಿ ದಿವಾಳಿ ಅರ್ಜಿ ಹಾಕಿತು. ಹೊಸ ಎಂಜಿನ್ ಕೊಳ್ಳುವ ಮಾತಂತೂ ದೂರ. ಹಾಗಾಗಿ ಶನಿವಾರ, ಭಾನುವಾರ ಪ್ರಯಾಣಿಕರ ಗಾಡಿ ಕಡಿಮೆ ಇದ್ದಾಗ ಸರ್ಕಾರದ ಈ ಎಂಜಿನ್‌ಗಳೇ ಗೂಡ್ಸ್ ಗಾಡಿಗಳ ಮುಂದೆ ಕಾಣಿಸಿಕೊಂಡವು. ದೀಪ, ಹೀಟರ್ ಬೇಕಿಲ್ಲದ ಗಾಡಿ. ಎಂಜಿನ್‌ನ ಅಷ್ಟೂ ಬಲ ಚಕ್ರಕ್ಕೆ.

ಜನರ ತೆರಿಗೆ ಹಣದಿಂದ ಕೊಂಡ ಎಂಜಿನ್ ಖಾಸಗಿ ಕಂಪನಿಯ ಸರಕು ಎಳೆಯುವುದು ಸರಿಯಾ? ನಾನು ನ್ಯೂಜೆರ್ಸಿಯಲ್ಲಿದ್ದ ವರ್ಷಗಳಲ್ಲಿ, ಹೊಬೋಕನ್‌ಗೆ ಹೋಗುವ ಗಾಡಿಯಲ್ಲಿ ಕೂತು, ಈ ಪ್ರಶ್ನೆಯನ್ನು ಬಹಳ ಸಲ ಯೋಚಿಸಿದ್ದೇನೆ. ನನ್ನ ಉತ್ತರ: ಖಂಡಿತ ಸರಿ, ಎರಡು ಷರತ್ತಿನ ಮೇಲೆ. ಸವೆತಕ್ಕೆ ತಕ್ಕ ಬಾಡಿಗೆ ಬರಬೇಕು. ಸೋಮವಾರ ಬೆಳಗ್ಗೆ ಮೊದಲ ಗಾಡಿ ಹೊರಡುವ ಮೊದಲು ಎಂಜಿನ್ ಗಟ್ಟಿಮುಟ್ಟಾಗಿ ವಾಪಸ್ ಬಂದಿರಬೇಕು. ಎರಡನೆಯದೇ ಕಷ್ಟ. ಗೂಡ್ಸ್ ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತದೆ ಅಂತ ಯಾರೂ ಬರೆದು ಕೊಡಲಾರರು. ಎಲ್ಲೋ ನೂರಾರು ಕಿಲೋಮೀಟರ್ ಆಚೆ ಪಕ್ಕದ ಲೂಪ್ ಹಳಿಯಲ್ಲಿ ಸಿಕ್ಕಿಬಿದ್ದರೆ, ಇಲ್ಲಿ ಸಾವಿರಾರು ಜನ ಪ್ಲಾಟ್‌ಫಾರ್ಮ್‌ನಲ್ಲಿ ಚಳಿಯಲ್ಲಿ ನಿಲ್ಲಬೇಕು. ಕಲ್ಲಿದ್ದಲು ಒಂದು ದಿನ ತಡವಾದರೆ ಯಾರಾದರೂ ಫೋನ್ ಮಾಡಿ ಬೈಯಬಹುದು. ನರ್ಸ್ ಒಬ್ಬರು ಡ್ಯೂಟಿಗೆ ತಡವಾದರೆ ರಾತ್ರಿಪಾಳಿಯವರು ಮನೆಗೆ ಹೋಗುವ ಹಾಗಿಲ್ಲ.

ಇದಕ್ಕೂ ಮೊದಲು ಈ ಪ್ರಶ್ನೆ ಹುಟ್ಟುವ ಅಗತ್ಯವೇ ಇರಲಿಲ್ಲ. ಒಂದೇ ಕಂಪನಿ ಜನರನ್ನೂ ಸಾಗಿಸುತ್ತಿತ್ತು, ಸರಕನ್ನೂ ಸಾಗಿಸುತ್ತಿತ್ತು. 1953ರಲ್ಲಿ ಫೇರ್‌ಬ್ಯಾಂಕ್ಸ್ ಮೋರ್ಸ್ ಕಂಪನಿ 'ಟ್ರೇನ್ ಮಾಸ್ಟರ್' ಅನ್ನುವ 2,400 ಅಶ್ವಶಕ್ತಿಯ ಎಂಜಿನ್ ತಂದಿತು. ಆ ಕಾಲಕ್ಕೆ ಅದು ದೈತ್ಯ. ಅಮೆರಿಕ, ಕೆನಡಾ ಸೇರಿ 127 ಮಾತ್ರ ತಯಾರಾದವು. ನ್ಯೂಜೆರ್ಸಿಯ ಜರ್ಸಿ ಸೆಂಟ್ರಲ್ ರೈಲ್ವೆ 13 ತೆಗೆದುಕೊಂಡಿತು. ಆಫೀಸ್ ಹೊತ್ತಿನಲ್ಲಿ ಜನ, ಉಳಿದ ಹೊತ್ತಿನಲ್ಲಿ ಸರಕು ಅನ್ನುವುದು ಅಲ್ಲಿನ ಯೋಜನೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆ ಕಡೆಗೆ ಸದರ್ನ್ ಪೆಸಿಫಿಕ್ ಓಡಿಸುತ್ತಿದ್ದ ಗಾಡಿಗಳಲ್ಲೂ ಇದೇ ಮಾದರಿ ಹೆಸರು ಮಾಡಿತು. ಎಂಜಿನ್ ಯಾರದು, ಬಾಡಿಗೆ ಎಷ್ಟು ಅಂತ ಕೇಳುವವರೇ ಇರಲಿಲ್ಲ. ಎಲ್ಲ ಒಂದೇ ಮನೆಯದು.

ಆ ಮನೆ ಒಡೆದದ್ದು ಎರಡು ಹಂತದಲ್ಲಿ. 1971ರ ಮೇ 1ರಂದು ದೂರದ ಪ್ಯಾಸೆಂಜರ್ ಗಾಡಿಗಳಲ್ಲಿ ಬಹುಪಾಲು ಆಮ್‌ಟ್ರ್ಯಾಕ್ ಎಂಬ ಸರ್ಕಾರಿ ಬೆಂಬಲದ ಕಂಪನಿಯ ಕೈಗೆ ಹೋದವು. ಆಮೇಲೆ 1976ರಲ್ಲಿ ಈಶಾನ್ಯದ ದಿವಾಳಿ ರೈಲ್ವೆಗಳನ್ನು ಕೂಡಿಸಿ ಕಾನ್‌ರೈಲ್ ಎಂಬ ಕಂಪನಿ ಕಟ್ಟಿದರು. ಆ ಕಾನ್‌ರೈಲ್ 1983ರ ಜನವರಿ 1ರಂದು ಹೊರವಲಯದ ಗಾಡಿಗಳನ್ನೂ ಬಿಟ್ಟುಕೊಟ್ಟಿತು. ನ್ಯೂಜೆರ್ಸಿ ಟ್ರಾನ್ಸಿಟ್, ಮೆಟ್ರೋ ನಾರ್ತ್, ಫಿಲಡೆಲ್ಫಿಯಾದ ಸೆಪ್ಟಾದಂತಹ ಸಂಸ್ಥೆಗಳು ಅವನ್ನು ವಹಿಸಿಕೊಂಡವು. ಅಲ್ಲಿಂದ ಮುಂದೆ ಪಕ್ಕದ ಹಳಿಯಲ್ಲಿ ನಿಂತ ಎಂಜಿನ್ ಬೇಕು ಅಂದರೆ ಕಾಗದ, ಸಹಿ, ವಿಮೆ, ಬಾಡಿಗೆ ಎಲ್ಲ ಬೇಕಾಯಿತು.

ಕಾಗದದ ಕೆಲಸವನ್ನು ವಕೀಲರು ಮುಗಿಸಿಕೊಡುತ್ತಾರೆ. ಒಬ್ಬರ ಎಂಜಿನ್ ಇನ್ನೊಬ್ಬರ ಗಾಡಿಯನ್ನು ನಿಜವಾಗಿ ಎಳೆಯಬಲ್ಲದಾ ಅನ್ನುವುದು ಬೇರೆ ವಿಷಯ. ಇಲ್ಲಿಂದ ನನಗೆ ಕುತೂಹಲ ಜಾಸ್ತಿ.

ಮೊದಲು ಸುಲಭದ್ದು. ಅಮೆರಿಕದ ಡೀಸೆಲ್ ಎಂಜಿನ್‌ಗಳ ಎರಡೂ ತುದಿಯಲ್ಲಿ 27 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ನಡುವೆ ಒಂದು ದಪ್ಪ ಕೇಬಲ್ ಸಿಕ್ಕಿಸಿ, ಗಾಳಿಯ ಹೋಸ್‌ಗಳನ್ನು ಕೂಡಿಸಿದರೆ ಮುಂದಿನ ಎಂಜಿನ್‌ನ ಒಬ್ಬ ಚಾಲಕ ಹಿಂದಿನ ಎಲ್ಲ ಎಂಜಿನ್‌ಗಳನ್ನೂ ನಡೆಸಬಹುದು. ಎಂಜಿನ್‌ನ ಬಲ ಏರಿಸಿ ಇಳಿಸುವ ಹಿಡಿಕೆಯಾದ ಥ್ರಾಟಲ್‌ನಲ್ಲಿ 8 ನಾಚ್, ಅಂದರೆ ಮೆಟ್ಟಿಲು. ಮುಂದೆ ಐದನೇ ನಾಚ್‌ಗೆ ಎಳೆದರೆ ಹಿಂದಿನದೂ ಐದಕ್ಕೆ ಬರುತ್ತದೆ. ತಯಾರಿಸಿದ ಕಂಪನಿ ಬೇರೆ, ಬಣ್ಣ ಬೇರೆ, ಮಾಲೀಕ ಬೇರೆ, ವಯಸ್ಸಿನಲ್ಲಿ ಮೂವತ್ತು ವರ್ಷ ಅಂತರ ಇದ್ದರೂ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಕತ್ತು ಹಿಸುಕಲು ನಿಂತ ಕಂಪನಿಗಳು ಈ ಒಂದು ಕೇಬಲ್ ವಿಷಯದಲ್ಲಿ ಒಂದಾದವು. ಈ ಒಪ್ಪಂದ ಇಲ್ಲದಿದ್ದರೆ ಎರವಲು ಅನ್ನುವ ಮಾತೇ ಬರುತ್ತಿರಲಿಲ್ಲ.

ಈಗ ಕಷ್ಟದ್ದು. ಎಂಜಿನ್‌ನ ಡೀಸೆಲ್ ವಿದ್ಯುತ್ ಹುಟ್ಟಿಸುತ್ತದೆ, ವಿದ್ಯುತ್ ಆಕ್ಸೆಲ್ ಮೇಲಿನ ಮೋಟಾರ್ ತಿರುಗಿಸುತ್ತದೆ, ಮೋಟಾರ್‌ಗೂ ಆಕ್ಸೆಲ್‌ಗೂ ನಡುವೆ ಗೇರ್ ಇರುತ್ತದೆ. ಆ ಗೇರ್‌ನ ಹಲ್ಲಿನ ಲೆಕ್ಕದಲ್ಲೇ ಎಂಜಿನ್‌ನ ಸ್ವಭಾವ ನಿಂತಿದೆ. ಜನರಲ್ ಮೋಟಾರ್ಸ್‌ನ ಇಎಂಡಿ ವಿಭಾಗ ತಯಾರಿಸಿದ ಎರಡು ಎಂಜಿನ್ ಹೋಲಿಸಿ. ಒಂದು ಜಿಪಿ40-2, ಗೂಡ್ಸ್‌ಗೆ. ಇನ್ನೊಂದು ಎಫ್40ಪಿಎಚ್, ಪ್ಯಾಸೆಂಜರ್‌ಗೆ. ಎರಡರಲ್ಲೂ ಅದೇ 16 ಸಿಲಿಂಡರ್‌ನ ಡೀಸೆಲ್, ಅದೇ 3,000 ಅಶ್ವಶಕ್ತಿ, ಅದೇ ನಾಲ್ಕು ಆಕ್ಸೆಲ್. ಆದರೆ ಗೂಡ್ಸ್ ಎಂಜಿನ್‌ನ ಗೇರ್ 62ಕ್ಕೆ 15, ಅಂದರೆ ಆಕ್ಸೆಲ್ ಕಡೆ 62 ಹಲ್ಲು, ಮೋಟಾರ್ ಕಡೆ 15. ಪ್ಯಾಸೆಂಜರ್‌ನದು 57ಕ್ಕೆ 20. ಹಾಗಾಗಿ ಎಫ್40ಪಿಎಚ್ ಗಂಟೆಗೆ 160 ಕಿಲೋಮೀಟರ್ ದಾಟಬಲ್ಲದು. ಅದೇ ಮೋಟಾರ್, ಅದೇ ಕರೆಂಟ್ ಇದ್ದರೂ ಚಕ್ರಕ್ಕೆ ಬೀಳುವ ಎಳೆತ ಮಾತ್ರ ಗೂಡ್ಸ್ ಎಂಜಿನ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ.

ಸಮತಟ್ಟು ಜಾಗದಲ್ಲಿ, ಹಗುರ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಏರು ಬಂದಾಗ ಗೊತ್ತಾಗುತ್ತದೆ. ಭಾರದ ಗಾಡಿ ಏರಿನಲ್ಲಿ ತೆವಳುತ್ತಾ ಹೋದಾಗ ಮೋಟಾರ್‌ಗೆ ವಿಪರೀತ ಕರೆಂಟ್ ಹರಿದು ಕಾಯುತ್ತದೆ. ಪ್ರತಿ ಎಂಜಿನ್‌ಗೂ ಇಂತಿಷ್ಟು ವೇಗಕ್ಕಿಂತ ಕೆಳಗೆ ತುಂಬಾ ಹೊತ್ತು ಎಳೆಯಬಾರದು ಅಂತ ಒಂದು ಮಿತಿ ಇರುತ್ತದೆ. ಪ್ಯಾಸೆಂಜರ್ ಗೇರ್ ಇರುವ ಎಂಜಿನ್‌ಗೆ ಆ ಕನಿಷ್ಠ ವೇಗವೇ ಹೆಚ್ಚು. ಗೂಡ್ಸ್ ಎಂಜಿನ್ ನಿಧಾನಕ್ಕೆ ದಮ್ಮು ಕಟ್ಟಿ ಹತ್ತುವ ಏರಿನಲ್ಲಿ ಎರವಲು ಎಂಜಿನ್‌ನ ಮೋಟಾರ್ ಸುಟ್ಟುಹೋಗಬಹುದು. ಆದ್ದರಿಂದ ಎರವಲು ತಂದವರು ಅದಕ್ಕೆ ಯಾವ ಗಾಡಿ, ಯಾವ ದಾರಿ ಕೊಡಬೇಕು ಅನ್ನುವುದನ್ನು ತಿಳಿದು ಕೊಡಬೇಕು. ವೇಗದ ಕಂಟೇನರ್ ಗಾಡಿ ಆದರೆ ಒಳ್ಳೆಯದು. ಬೆಟ್ಟ ಹತ್ತುವ ಕಲ್ಲಿದ್ದಲು ಗಾಡಿ ಬೇಡ.

ಎಫ್40ಪಿಎಚ್ ಬಗ್ಗೆ ಇನ್ನೊಂದು ಮಾತು. ಬೋಗಿಗಳಿಗೆ ಕರೆಂಟ್ ಕೊಡುವಾಗ ಅದರ ಮುಖ್ಯ ಡೀಸೆಲ್ ಸದಾ ನಿಮಿಷಕ್ಕೆ 893 ಸುತ್ತು ತಿರುಗಲೇಬೇಕಿತ್ತು. ನಿಲ್ದಾಣದಲ್ಲಿ ಸುಮ್ನೆ ನಿಂತಾಗಲೂ ಅದೇ ಅಬ್ಬರ. ಗೂಡ್ಸ್ ಗಾಡಿಗೆ ಹಾಕಿದರೆ ಆ ಸ್ವಿಚ್ ಆಫ್. ಆಗ ಅದೂ ಬೇರೆ ಎಂಜಿನ್‌ಗಳ ಹಾಗೆ ನಿಂತಲ್ಲಿ ಮೆಲ್ಲಗೆ ಗುನುಗುತ್ತಿತ್ತು.

ಕೊಡುವವರ ಬಿಡುವು ವಾರಕ್ಕೆ ಎರಡು ದಿನದ್ದೇ ಆಗಬೇಕು ಅಂತಿಲ್ಲ. ಋತುವಿನ ಬಿಡುವೂ ಇರುತ್ತದೆ. ಮಿನೆಸೋಟಾದಲ್ಲಿ ಡುಲುತ್ ಮಿಸಾಬಿ ಅಂಡ್ ಐರನ್ ರೇಂಜ್ ಅನ್ನುವ ರೈಲ್ವೆ ಇತ್ತು. ಅದರ ಕೆಲಸ ಕಬ್ಬಿಣದ ಅದಿರನ್ನು ಗಣಿಯಿಂದ ಲೇಕ್ ಸುಪೀರಿಯರ್ ದಡದ ಹಡಗುಗಳಿಗೆ ಮುಟ್ಟಿಸುವುದು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತರೆ ಅದಿರೂ ನಿಲ್ಲುತ್ತದೆ. ಎಂಜಿನ್‌ಗಳಿಗೆ ತಿಂಗಳುಗಟ್ಟಲೆ ರಜೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ದೇಶಕ್ಕೆಲ್ಲ ಎಂಜಿನ್ ಬರ. ಆಗ ಈ ರೈಲ್ವೆ ತನ್ನ ಕೆಲವು ಯೆಲ್ಲೋಸ್ಟೋನ್ ಎಂಜಿನ್‌ಗಳನ್ನು ಚಳಿಗಾಲಕ್ಕೆ ಡೆನ್ವರ್ ಅಂಡ್ ರಿಯೋ ಗ್ರಾಂಡ್ ರೈಲ್ವೆಗೆ ಕಳಿಸಿತು. ಬಾಲ್ಡ್‌ವಿನ್ ಕಾರ್ಖಾನೆ 1941 ಮತ್ತು 1943ರಲ್ಲಿ ಇಂಥ 18 ಉಗಿಯಂತ್ರ ಕಟ್ಟಿಕೊಟ್ಟಿತ್ತು. ಜಗತ್ತಿನ ಅತಿ ದೊಡ್ಡ ಉಗಿ ಎಂಜಿನ್‌ಗಳ ಸಾಲಿಗೆ ಸೇರಿದವು. ಅದಿರಿನ ದಾರಿಯಿಂದ ರಾಕಿ ಪರ್ವತದ ಏರಿಗೆ ಹೋಗಿ ದುಡಿದು, ಅಲ್ಲಿನವರ ಮೆಚ್ಚುಗೆ ಗಳಿಸಿ, ಸರೋವರ ಕರಗುವ ಹೊತ್ತಿಗೆ ಮನೆಗೆ ಮರಳಿದವು. ಮುಂಗಾರಿನ ಕೆಲಸ ಮುಗಿಸಿದ ಎತ್ತಿನ ಜೋಡಿಯನ್ನು ಪಕ್ಕದೂರಿನವರ ಹಿಂಗಾರು ಬಿತ್ತನೆಗೆ ಕೊಟ್ಟ ಹಾಗೆ.

1956ರ ಇನ್ನೊಂದು ಪ್ರಸಂಗ ನನಗೆ ಇನ್ನೂ ಹೆಚ್ಚು ತಟ್ಟುತ್ತದೆ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಆಗ ಅಮೆರಿಕದ ಅತಿ ದೊಡ್ಡ ರೈಲ್ವೆಗಳಲ್ಲಿ ಒಂದು. ಉಗಿ ಬಿಟ್ಟು ಡೀಸೆಲ್‌ಗೆ ಹೊರಳುತ್ತಿದ್ದ ಸಮಯ. ಹಳೆಯದು ಗುಜರಿಗೆ ಹೋಗುತ್ತಿದೆ, ಹೊಸದು ಸಾಲುತ್ತಿಲ್ಲ, ಅಷ್ಟರಲ್ಲಿ ಸರಕು ಏರಿತು. ಒಹಾಯೋದ ಕೊಲಂಬಸ್‌ನಿಂದ ಸ್ಯಾಂಡಸ್ಕಿ ಬಂದರಿಗೆ ಭಾರೀ ಗಾಡಿ ಎಳೆಯಲು ಅವರು ಸಾಂಟಾ ಫೆ ರೈಲ್ವೆಯಿಂದ 12 ಉಗಿ ಎಂಜಿನ್ ಬಾಡಿಗೆಗೆ ತಂದರು. ಸಾಂಟಾ ಫೆ ಇದ್ದದ್ದು ಪಶ್ಚಿಮದ ಮರುಭೂಮಿ ಕಡೆ. ಅದರ ಎಂಜಿನ್‌ಗಳಿಗೆ ಉರಿಸಲು ಎಣ್ಣೆ ಬೇಕು. ಪೆನ್ಸಿಲ್ವೇನಿಯಾದ್ದೋ ಕಲ್ಲಿದ್ದಲ ನಾಡು. ತನ್ನ ಎಂಜಿನ್‌ಗಳನ್ನು ತಾನೇ ವಿನ್ಯಾಸ ಮಾಡಿ, ತನ್ನದೇ ಆಲ್ಟೂನಾ ಕಾರ್ಖಾನೆಯಲ್ಲಿ ಕಟ್ಟುತ್ತಿದ್ದ ಕಂಪನಿ ಅದು. ಅಂಥವರು ಬೇರೆಯವರ ಎಂಜಿನ್ ತಂದು, ಅದಕ್ಕೆ ಬೇಕಾದ ಎಣ್ಣೆಯನ್ನೂ ಹೊಂದಿಸಿ, ಕೆಲಸ ಸಾಗಿಸಿದರು. ಇದನ್ನು ದೊಡ್ಡ ಕಂಪನಿಯ ಅವನತಿ ಅಂತ ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸರಕು ಕಾಯುತ್ತಿರುವಾಗ ಹೆಮ್ಮೆ ಬದಿಗಿಟ್ಟು ನೆರವು ಕೇಳುವುದು ಚೆನ್ನಾಗಿ ನಡೆಯುವ ರೈಲ್ವೆಯ ಗುಣ.

ನನ್ನ ಅಪ್ಪ ಹುಬ್ಬಳ್ಳಿ ಡೀಸೆಲ್ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದರು. ಅಮೆರಿಕದ ಈ ಎರವಲಿನ ವಿಷಯ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಲ್ಲಿ ರೈಲ್ವೆ ಒಂದೇ, ಆದರೆ ವಲಯಗಳು ಬೇರೆ. ಯಾವ ವಲಯದ ಲೈನ್ ಮೇಲೆ ದಿನಕ್ಕೆ ಎಷ್ಟು ಎಂಜಿನ್ ದುಡಿದವು ಅನ್ನುವುದನ್ನು 'ಔಟೇಜ್' ಅಂತ ಲೆಕ್ಕ ಹಾಕುತ್ತಾರೆ. ಹುಬ್ಬಳ್ಳಿಯ ಎಂಜಿನ್ ಇನ್ನೊಂದು ವಲಯದಲ್ಲಿ ಉಳಿದುಬಿಟ್ಟರೆ ಕಂಟ್ರೋಲ್ ಆಫೀಸಿನಿಂದ ಫೋನ್ ಮೇಲೆ ಫೋನ್. ಅಪ್ಪ ಹೇಳುತ್ತಿದ್ದರು: "ಏ ತಮ್ಮಾ, ಲೋಕೋ ಶೆಡ್ಡಿನಾಗ ನಿಂತ್ರ ನೋಡಾಕ ಚೆಂದ ಕಾಣ್ತೈತಿ ಖರೆ. ಆದ್ರ ಪಗಾರ ಹುಟ್ಟೂದು ಅದು ಲೈನ್ ಮ್ಯಾಲೆ ಓಡಿದಾಗ." 1999ರಲ್ಲಿ ಇಎಂಡಿ ವಿನ್ಯಾಸದ ಡಬ್ಲ್ಯೂಡಿಜಿ4 ಎಂಜಿನ್‌ಗಳು ಭಾರತಕ್ಕೆ ಬಂದಾಗ ಅವುಗಳ ಮನೆ ಹುಬ್ಬಳ್ಳಿ ಶೆಡ್ಡೇ ಆಯಿತು. ಹಾಗಾಗಿ ಅಮೆರಿಕದ ಎಂಜಿನ್‌ಗಳ ಒಳಗು ಅವರಿಗೆ ಪರಿಚಯದ್ದೇ. 2020ರ ಲಾಕ್‌ಡೌನ್‌ನಲ್ಲಿ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತು, ಅವುಗಳ ಎಂಜಿನ್‌ಗಳು ಗೂಡ್ಸ್ ಎಳೆದಾಗ ಅಪ್ಪನಿಗೆ ತುಂಬಾ ಸಮಾಧಾನ ಆಗಿತ್ತು. ಅಕ್ಕಿ, ಗೋಧಿ ಸಾಗಬೇಕಿತ್ತು. ಎಂಜಿನ್ ಕೈಗೆ ಸಿಕ್ಕಿತು.

ಅಮೆರಿಕದ ರೈಲ್ವೆಗಳು ಈ ಲೆಕ್ಕವನ್ನು ಅಶ್ವಶಕ್ತಿ-ಗಂಟೆಯಲ್ಲಿ ಇಡುತ್ತವೆ. 4,400 ಅಶ್ವಶಕ್ತಿಯ ಎಂಜಿನ್ ನಿಮ್ಮ ಹಳಿಯ ಮೇಲೆ 10 ಗಂಟೆ ಇದ್ದರೆ ನೀವು ನನಗೆ 44,000 ಅಶ್ವಶಕ್ತಿ-ಗಂಟೆ ಋಣಿ. ತೀರಿಸುವುದು ಸಾಮಾನ್ಯವಾಗಿ ದುಡ್ಡಿನಲ್ಲಲ್ಲ. ನಿಮ್ಮ ಎಂಜಿನ್ ನನ್ನ ಹಳಿಯ ಮೇಲೆ ಬಂದು ಅಷ್ಟು ದುಡಿಯಬೇಕು. ಒಂದು ರೈಲ್ವೆಯ ಎಂಜಿನ್ ಇನ್ನೊಂದರ ಹಳಿಯ ಮೇಲೆ ಗಾಡಿ ಸಮೇತ ನೇರ ಹೋಗುವ ಪದ್ಧತಿ ಬೆಳೆದ ಮೇಲೆ ಈ ಲೆಕ್ಕ ಅನಿವಾರ್ಯವಾಯಿತು. ಚಿಕಾಗೋ ಕಡೆ ನಿಂತು ನೋಡಿದರೆ ಒಂದೇ ಗಾಡಿಯ ಮುಂದೆ ಮೂರು ಕಂಪನಿಗಳ ಬಣ್ಣ ಕಾಣುವುದು ಇದೇ ಕಾರಣಕ್ಕೆ. ತಪಾಸಣೆಯ ದಾಖಲೆಯೂ ಎಂಜಿನ್ ಜೊತೆಗೇ ಓಡಾಡುತ್ತದೆ. ಬಹುಕಾಲ 92 ದಿನಕ್ಕೊಮ್ಮೆ ತಪಾಸಣೆ ಕಡ್ಡಾಯವಾಗಿತ್ತು. ಅದರ ನೀಲಿ ಕಾರ್ಡ್ ಕ್ಯಾಬ್‌ನಲ್ಲೇ ಇರುತ್ತದೆ. ಗುರುತಿಲ್ಲದ ಎಂಜಿನ್ ಹತ್ತುವ ಚಾಲಕ ಅದನ್ನು ನೋಡಿ ತಿಳಿದುಕೊಳ್ಳಬಹುದು.

ಎರವಲಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. 1996ರ ಸೆಪ್ಟೆಂಬರ್‌ನಲ್ಲಿ ಯೂನಿಯನ್ ಪೆಸಿಫಿಕ್, ಸದರ್ನ್ ಪೆಸಿಫಿಕ್ ಅನ್ನು ನುಂಗಿತು. ಮರುವರ್ಷ ಹ್ಯೂಸ್ಟನ್ ಸುತ್ತ ಗಾಡಿಗಳು ಹೆಪ್ಪುಗಟ್ಟಿದವು. ಎಂಜಿನ್ ಸಿಗುತ್ತಿಲ್ಲ ಅನ್ನುವ ಕೂಗು. ಆದರೆ ಎಂಜಿನ್‌ಗಳು ಎಲ್ಲಿದ್ದವು? ನಿಂತ ಗಾಡಿಗಳ ಮುಂದೆಯೇ ಇದ್ದವು. ಗಾಡಿ ನಿಧಾನವಾದರೆ ಅದೇ ಕೆಲಸಕ್ಕೆ ಹೆಚ್ಚು ಎಂಜಿನ್ ಬೇಕಾಗುತ್ತದೆ. ಹೆಚ್ಚು ಎಂಜಿನ್ ತಂದು ಹೆಚ್ಚು ಗಾಡಿ ಹೊರಡಿಸಿದರೆ ಯಾರ್ಡ್ ಇನ್ನೂ ಕಟ್ಟಿಕೊಳ್ಳುತ್ತದೆ. ಕೊನೆಗೆ 1997ರ ಅಕ್ಟೋಬರ್ 31ರಂದು ಸರ್ಕಾರದ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ತುರ್ತು ಆದೇಶ ಹೊರಡಿಸಿ, ಹ್ಯೂಸ್ಟನ್‌ನ ಸರಕಿಗೆ ಟೆಕ್ಸಾಸ್ ಮೆಕ್ಸಿಕನ್‌ನಂತಹ ಸಣ್ಣ ರೈಲ್ವೆಯೂ ಕೈ ಹಾಕಲು ದಾರಿ ಮಾಡಿತು. ಹಳಿಯೇ ಕಟ್ಟಿಕೊಂಡಾಗ ಬೇಕಾದದ್ದು ಆ ಬಗೆಯ ನೆರವು.

ಗೂಡ್ಸ್‌ನವರು ಪ್ಯಾಸೆಂಜರ್‌ನವರಿಗೆ ಕೊಟ್ಟ ಎರವಲೂ ಇದೆ. ಅದನ್ನು ಹೇಳದೆ ಈ ಬರಹ ಪೂರ್ತಿ ಆಗುವುದಿಲ್ಲ. 2015ರ ಫೆಬ್ರವರಿ 24. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್. ಬೆಳಕು ಹರಿಯುವ ಮೊದಲು ಲಾಸ್ ಏಂಜಲೀಸ್ ಕಡೆಗೆ ಹೊರಟ, ಹೊರವಲಯದ ಜನರನ್ನು ಸಾಗಿಸುವ ಮೆಟ್ರೋಲಿಂಕ್ ಸಂಸ್ಥೆಯ ಗಾಡಿ, ಹಳಿಯ ಮೇಲೆ ಬಂದು ನಿಂತಿದ್ದ ಪಿಕಪ್ ಟ್ರಕ್‌ಗೆ ಬಡಿಯಿತು. ಎಂಜಿನ್ ಹಿಂದೆ ಇತ್ತು. ಮುಂದೆ ಇದ್ದದ್ದು ಚಾಲಕನ ಕ್ಯಾಬ್ ಇರುವ ಹಗುರ ಬೋಗಿ. ಚಾಲಕ ಒಂದು ವಾರದ ನಂತರ ತೀರಿಕೊಂಡರು. ಆ ಬೋಗಿಯ ಮುಂಭಾಗದಲ್ಲಿ ಅಡ್ಡ ಬಂದದ್ದನ್ನು ತಳ್ಳುವ ಲೋಹದ ಹಲಗೆಯ ಗಟ್ಟಿತನದ ಬಗ್ಗೆ ಅನುಮಾನ ಎದ್ದಿತು. ಸೆಪ್ಟೆಂಬರ್‌ನಲ್ಲಿ ಮೆಟ್ರೋಲಿಂಕ್ ಒಂದು ನಿರ್ಧಾರ ಮಾಡಿತು. ಬಿಎನ್‌ಎಸ್‌ಎಫ್ ರೈಲ್ವೆಯಿಂದ 40 ಗೂಡ್ಸ್ ಎಂಜಿನ್ ಬಾಡಿಗೆಗೆ ತಂದು, ಬೋಗಿಯ ಬದಲು ಅವನ್ನು ಗಾಡಿಯ ಮುಂದೆ ನಿಲ್ಲಿಸುವುದು. ಆರು ಆಕ್ಸೆಲ್‌ನ ಆ ಭಾರೀ ಎಂಜಿನ್‌ಗಳಲ್ಲಿ ಬೋಗಿಗೆ ದೀಪ, ಎಸಿ ಕೊಡುವ ವ್ಯವಸ್ಥೆ ಇಲ್ಲ. ಅದಕ್ಕೆ ಮೆಟ್ರೋಲಿಂಕ್‌ನ ಸ್ವಂತ ಎಂಜಿನ್ ಇನ್ನೊಂದು ತುದಿಯಲ್ಲಿ ಉಳಿಯಿತು. ಡೀಸೆಲ್ ಜಾಸ್ತಿ, ಖರ್ಚು ಜಾಸ್ತಿ. ಆದರೂ ಚಾಲಕನ ಮುಂದೆ ಉಕ್ಕಿನ ಭಾರ ಬಂತು. ಬೇಕು ಅಂದಾಗ 40 ಎಂಜಿನ್ ಕೊಡುವ ಶಕ್ತಿ ಪಕ್ಕದ ಗೂಡ್ಸ್ ರೈಲ್ವೆಗೆ ಇತ್ತು. ಅದು ದೊಡ್ಡ ಮಾತು.

ಇವತ್ತು ವಾರಾಂತ್ಯದ ಎರವಲು ಕಡಿಮೆಯಾಗಿದೆ. ಒಂದು ಕಾರಣ ಒಳ್ಳೆಯದು: ಶನಿವಾರ, ಭಾನುವಾರವೂ ಗಾಡಿ ಓಡುತ್ತವೆ. ಜನ ಆಫೀಸಿಗೆ ಮಾತ್ರ ಹೋಗುವುದಿಲ್ಲ ಅಲ್ವಾ. ಎರಡನೆಯದು ಸುರಕ್ಷತೆಯ ನಿಯಮ. 2008ರ ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಮೆಟ್ರೋಲಿಂಕ್ ಗಾಡಿಯೂ ಗೂಡ್ಸ್ ಗಾಡಿಯೂ ಎದುರುಬದುರಾಗಿ ಡಿಕ್ಕಿಯಾಗಿ 25 ಜನ ಸತ್ತರು. ಅದರ ಬೆನ್ನಿಗೇ ಬಂದ ಕಾನೂನು, ಕೆಂಪು ದೀಪ ದಾಟುವ ಮೊದಲು ಗಾಡಿಯನ್ನು ತಾನೇ ನಿಲ್ಲಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಮುಂದಿರುವ ಎಂಜಿನ್‌ನಲ್ಲಿ ಆ ಉಪಕರಣ ಇರಬೇಕು, ಆ ಹಳಿಯ ವ್ಯವಸ್ಥೆಯೊಂದಿಗೆ ಮಾತಾಡಬೇಕು. ಇಲ್ಲವಾದರೆ ಎರವಲು ಎಂಜಿನ್ ಹಿಂದಿನ ಸಾಲಿನಲ್ಲೇ ನಿಲ್ಲಬೇಕು. ಈ ನಿಯಮದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಮೂರನೆಯದು ಎಂಜಿನ್‌ಗಳ ವಿನ್ಯಾಸವೇ ದೂರ ಸರಿದದ್ದು. ಸೀಮೆನ್ಸ್‌ನ ಚಾರ್ಜರ್ ಎಂಜಿನ್ 4,400 ಅಶ್ವಶಕ್ತಿಯದು. ಜನರಲ್ ಎಲೆಕ್ಟ್ರಿಕ್‌ನ (ಜಿಇ) ಎಸಿ4400 ಗೂಡ್ಸ್ ಎಂಜಿನ್ ಕೂಡ 4,400. ಆದರೆ ಚಾರ್ಜರ್‌ಗೆ ನಾಲ್ಕು ಆಕ್ಸೆಲ್, ತೂಕ ಸುಮಾರು 120 ಟನ್, ಗಂಟೆಗೆ 200 ಕಿಲೋಮೀಟರ್ ಓಡಲು ಕಟ್ಟಿದ್ದು. ಜಿಇಯದು ಆರು ಆಕ್ಸೆಲ್, 190 ಟನ್ ಹತ್ತಿರ. ಏರಿನಲ್ಲಿ ಸಾವಿರಾರು ಟನ್ ಎಳೆಯುವಾಗ ಚಕ್ರ ಜಾರದಂತೆ ಹಿಡಿಯುವುದು ಆ ತೂಕವೇ. ಚಾರ್ಜರ್ ಅಂಥ ಗಾಡಿಗೆ ಹೇಳಿ ಮಾಡಿಸಿದ್ದಲ್ಲ. ಪ್ರಯಾಣಿಕರಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಯು34ಸಿಎಚ್‌ನ ಹಾಗೆ ಎರಡೂ ಕೆಲಸಕ್ಕೆ ಒಗ್ಗುವ ಎಂಜಿನ್ ಇಂದು ಅಲ್ಲಿ ಕೇಳುವವರು, ಕಟ್ಟುವವರು ಅಪರೂಪ. ಇದು ನನಗೆ ನಷ್ಟ ಅನ್ನಿಸುತ್ತದೆ.

ಹಾಗಿದ್ದರೂ ತುರ್ತು ಸಮಯ ಬಂದೇ ಬರುತ್ತದೆ. ಪ್ರವಾಹ, ಹಿಮ, ಅಪಘಾತ, ಇದ್ದಕ್ಕಿದ್ದಂತೆ ಒಂದು ಮಾದರಿಯ ಎಂಜಿನ್‌ಗಳಲ್ಲೆಲ್ಲ ದೋಷ. ನೆರೆಹೊರೆಯ ರೈಲ್ವೆಗಳು ಕಷ್ಟ ಬಂದ ಮೇಲೆ ಕೂತು ಚೌಕಾಸಿ ಮಾಡುವ ಬದಲು ಕರಾರನ್ನು ಮೊದಲೇ ಬರೆದಿಡಬೇಕು ಅಂತ ನನ್ನ ಆಸೆ. ಯಾವ ಎಂಜಿನ್, ಯಾವ ದಾರಿಗೆ, ಯಾವ ವೇಗಕ್ಕಿಂತ ಕೆಳಗೆ ಎಳೆಸಬಾರದು, ಮೋಟಾರ್ ಸುಟ್ಟರೆ ಯಾರು ಕೊಡಬೇಕು, ಯಾವ ಗಂಟೆಯೊಳಗೆ ವಾಪಸ್ ಬರಬೇಕು. ಆ ಕೊನೆಯ ಸಾಲನ್ನು ಪ್ರಯಾಣಿಕರ ಪರವಾಗಿ ಇರುವವರೇ ಬರೆಯಲಿ.